ಉರಿ ಇಲ್ಲದ ಊತಕ್ಕೆ ಉರಿಯ ಮದ್ದೇಕೆ?

ಕಾಫಿ ಕುಯ್ಲು ಮುಗಿಯುತ್ತ ಬಂದಿದ್ದ ಒಂದು ಸಂಜೆ. ಅಮ್ಮತ್ತಿ ಪೇಟೆಯ ಅಂಗಡಿಯೊಂದರ ಜಗಲಿಯಲ್ಲಿ ತೋಟದ ಲೈನ್ ಮನೆಯ ಹೆಂಗಸೊಬ್ಬರು ಕಾಲು ಚಾಚಿ ಕೂತಿದ್ದರು. ವಯಸ್ಸು ನಲವತ್ತರ ಒಳಗೇ. ಎರಡೂ ಕಣಕಾಲು ತುಂಬಿಕೊಂಡು ಚಪ್ಪಲಿಯ ಪಟ್ಟಿ ಚರ್ಮದೊಳಕ್ಕೆ ಹೂತುಹೋಗಿತ್ತು. ನಾನು ಪೆಥಾಲಜಿ ಪಾಠ ಹೇಳಿಕೊಂಡು ಬದುಕಿದವನು. ನಿವೃತ್ತನಾಗಿ ಊರಿಗೆ ಬಂದ ಮೇಲೂ ಊದಿದ ಕಾಲು ಕಂಡರೆ ಕೈ ಸುಮ್ಮನಿರುವುದಿಲ್ಲ. ಕೇಳಿಕೊಂಡು ಹತ್ತಿರ ಕೂತೆ. ಮುಂಗಾಲ ಮೂಳೆಯ ಮೇಲೆ ಹೆಬ್ಬೆರಳಿಟ್ಟು, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಬೆರಳು ತೆಗೆದೆ. ಕಲಸಿದ ಹಿಟ್ಟಿನಲ್ಲಿ ಉಳಿಯುವ ಹಾಗೆ ಗುಳಿ ಉಳಿಯಿತು. ಚರ್ಮ ಬಿಸಿಯಿರಲಿಲ್ಲ, ಕೆಂಪಾಗಿರಲಿಲ್ಲ. ಒತ್ತಿದಾಗ ಅವರು ಮುಖ ಕಿವುಚಲೂ ಇಲ್ಲ.

"ಸೂಜಿ ಹಾಕಿಸಿದ್ರೆ ಎರಡು ದಿನ ಇಳೀತದೆ ಸಾರ್, ಮತ್ತೆ ಬರ್ತದೆ" ಎಂದರು. ಸೆರಗಿನ ಗಂಟು ಬಿಚ್ಚಿ ಒಂದು ಕಾಗದದ ಪೊಟ್ಟಣ ತೋರಿಸಿದರು. ಕತ್ತರಿಸಿದ ಮಾತ್ರೆಪಟ್ಟಿಯ ಮೂರು ಚೂರು. ಹೆಸರಿದ್ದ ಭಾಗ ಯಾವುದರಲ್ಲೂ ಇರಲಿಲ್ಲ. ಒಂದು ನೋವಿಗೆ, ಒಂದು ಊತಕ್ಕೆ, ಒಂದು ಹೊಟ್ಟೆ ಉರಿಯದಿರಲಿ ಎಂದು. ಎರಡು ವರ್ಷದಿಂದ ಹೀಗೇ ನಡೆದಿದೆಯಂತೆ.

"ರಾತ್ರಿ ಅಂಗಾತ ಮಲಗಿದ್ರೆ ಉಸಿರು ಕಟ್ತದಾ ಅಮ್ಮ?"

"ಎರಡು ದಿಂಬು ಇಟ್ರೂ ಎದ್ದು ಕೂತ್ಕೊಳ್ತೇನೆ ಸಾರ್."

ಈ ಒಂದು ಪ್ರಶ್ನೆಯನ್ನು ಎರಡು ವರ್ಷದಲ್ಲಿ ಅವರಿಗೆ ಯಾರೂ ಕೇಳಿರಲಿಲ್ಲ. ಎಲ್ಲರೂ ಕಾಲು ನೋಡಿದ್ದರು, ಊತಕ್ಕೆ ಮದ್ದು ಕೊಟ್ಟಿದ್ದರು. ನನ್ನ ತಕರಾರು ಇರುವುದು ಇಲ್ಲೇ. ನಮ್ಮ ಊರುಗಳಲ್ಲಿ ಬೇರುಬಿಟ್ಟ ಒಂದು ನಂಬಿಕೆ ಇದೆ: ಊತವೇ ರೋಗ, ಊತ ಇಳಿದರೆ ರೋಗ ಹೋಯಿತು. ಕೂಲಿಯವರೂ ಹೀಗೆ ನಂಬಿದ್ದಾರೆ, ತೋಟದ ರೈಟರೂ ನಂಬಿದ್ದಾರೆ, ಔಷಧಿ ಅಂಗಡಿಯ ಹುಡುಗನೂ ನಂಬಿದ್ದಾನೆ. ರೋಗಿಗಳ ಸಾಲು ಉದ್ದವಿದ್ದಾಗ ಓದಿ ಪದವಿ ಪಡೆದ ವೈದ್ಯರೂ ಈ ನಂಬಿಕೆಗೆ ಶರಣಾಗುತ್ತಾರೆ. ಇದು ತಪ್ಪು ನಂಬಿಕೆ. ಕಣ್ಣಿಗೆ ಕಾಣದ ಹಾಗೆ ಕೊಲ್ಲುವ ತಪ್ಪು. ಏಕೆ ತಪ್ಪು ಎಂಬುದನ್ನು ಪೂರ್ತಿ ವಿವರಿಸಲು ಈ ಲೇಖನ.

ನಮ್ಮ ಭಾಷೆಯಿಂದಲೇ ಶುರುಮಾಡುತ್ತೇನೆ. ಕನ್ನಡದ ವೈದ್ಯ ಪುಸ್ತಕಗಳಲ್ಲಿ ಇನ್‌ಫ್ಲಮೇಶನ್‌ಗೆ ಬಳಸುವ ಪದ ಉರಿಯೂತ. ಉರಿಯುವ ಊತ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಇದಕ್ಕೆ ನಾಲ್ಕು ಗುರುತು ಬರೆದಿಟ್ಟ: ಕೆಂಪು, ಊತ, ಬಿಸಿ, ನೋವು. ಆ ಅಂಗ ಕೆಲಸ ಮಾಡಲಾರದೆ ಹೋಗುವುದು ಐದನೆಯದಾಗಿ ಆಮೇಲೆ ಸೇರಿತು. ನಾಲ್ಕರಲ್ಲಿ ಮೂರನ್ನು ಕನ್ನಡದ 'ಉರಿ' ಎಂಬ ಒಂದೇ ಮಾತು ಹಿಡಿದುಕೊಂಡಿದೆ. ಹಾಗಾದರೆ ಉರಿ ಇಲ್ಲದ ಊತ ಉರಿಯೂತವಲ್ಲ. ಇದನ್ನು ತಿಳಿಯಲು ಕಾಲೇಜು ಬೇಕಿಲ್ಲ, ಪದವನ್ನು ಬಿಡಿಸಿ ನೋಡಿದರೆ ಸಾಕು. ಚರಕಸಂಹಿತೆಯೂ ಊತಗಳನ್ನು ಬೆರಳಿನಿಂದ ಒತ್ತಿ, ಒತ್ತಿದ ಜಾಗ ಮತ್ತೆ ಏಳುತ್ತದೆಯೋ ಇಲ್ಲವೋ ನೋಡಿ ಬಗೆ ವಿಂಗಡಿಸುತ್ತದೆ. ಒತ್ತಿ ನೋಡದೆ ಮದ್ದು ಕೊಡುವ ರೂಢಿಗೆ ಹೊಸ ವೈದ್ಯದ ಬೆಂಬಲವೂ ಇಲ್ಲ, ಹಳೆಯ ವೈದ್ಯದ ಬೆಂಬಲವೂ ಇಲ್ಲ.

ಊತ ಎಂದರೆ ಏನು? ರಕ್ತನಾಳದಿಂದ ಹೊರಗೆ ಬಂದು ಅಂಗಾಂಶದ ಸಂದುಗೊಂದಿಗಳಲ್ಲಿ ನಿಂತ ನೀರು. ಬೆರಳೊತ್ತಿದಲ್ಲಿ ಗುಳಿ ಉಳಿಯುವ ಹೊತ್ತಿಗೆ ಮೈಯಲ್ಲಿ ಹೆಚ್ಚುಕಡಿಮೆ ಮೂರು ಲೀಟರ್ ನೀರು ಹೆಚ್ಚುವರಿಯಾಗಿ ಕೂತಿರುತ್ತದೆ. ಅದು ಅಲ್ಲಿಗೆ ಬಂದದ್ದು ಹೇಗೆಂದು ತಿಳಿಯಬೇಕಾದರೆ ರೊಬಸ್ಟಾ ತೋಟಕ್ಕೆ ಹೂವಿಗಾಗಿ ಸ್ಪ್ರಿಂಕ್ಲರ್ ಹಾಕುವುದನ್ನು ನೆನೆಯಿರಿ. ತೋಟದ ಒಂದು ಮೂಲೆಯಲ್ಲಿ ನೀರು ನಿಂತು ಕೆಸರಾಗಿದೆ ಎಂದಿಟ್ಟುಕೊಳ್ಳಿ. ಪೈಪಿನ ಒತ್ತಡ ಅತಿಯಾಗಿರಬಹುದು. ನೀರನ್ನು ಹಿಡಿದಿಡುವ ಗುಣ ಕೆಟ್ಟಿರಬಹುದು. ಪೈಪೇ ತೂತಾಗಿರಬಹುದು. ಚರಂಡಿ ಕಟ್ಟಿಕೊಂಡಿರಬಹುದು. ದೇಹದಲ್ಲೂ ದಾರಿ ಈ ನಾಲ್ಕೇ. 1896ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿಂಗ್ ತೋರಿಸಿಕೊಟ್ಟ ಲೆಕ್ಕದ ತಿರುಳು ಇದು: ರಕ್ತದ ಒತ್ತಡ ನೀರನ್ನು ಲೋಮನಾಳದಿಂದ ಹೊರಕ್ಕೆ ತಳ್ಳುತ್ತದೆ, ರಕ್ತದಲ್ಲಿರುವ ಅಲ್ಬುಮಿನ್ ಎಂಬ ಪ್ರೋಟೀನು ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೊರಗೆ ಉಳಿದದ್ದನ್ನು ದುಗ್ಧರಸದ ನಾಳಗಳು ಚರಂಡಿಯಂತೆ ಹಿಂದಕ್ಕೆ ಒಯ್ಯುತ್ತವೆ.

ಈ ನಾಲ್ಕು ದಾರಿಗಳಲ್ಲಿ ಮೂರನೆಯದು, ಅಂದರೆ ನಾಳದ ಗೋಡೆ ಸೋರುವುದು ಮಾತ್ರ ಉರಿಯೂತ. ಉಳಿದ ಮೂರರಲ್ಲಿ ಉರಿಯೇ ಇಲ್ಲ. ನಮ್ಮಲ್ಲಿ ನಾಲ್ಕಕ್ಕೂ ಅದೇ ಸೂಜಿ, ಅದೇ ಮಾತ್ರೆ.

ಒತ್ತಡದ ದಾರಿಯನ್ನು ನೋಡೋಣ. ಅಲುಗಾಡದೆ ನಿಂತವರ ಪಾದದ ಬಳಿಯ ರಕ್ತನಾಳದಲ್ಲಿ ಒತ್ತಡ ಸುಮಾರು 90 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ನಡೆದಾಗ ಮೀನಖಂಡ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುವುದರಿಂದ ಅದು 30ಕ್ಕಿಂತ ಕೆಳಗೆ ಇಳಿಯುತ್ತದೆ. ಬೆಳಗಿನಿಂದ ಸಂಜೆಯವರೆಗೆ ಇಳಿಜಾರಿನಲ್ಲಿ ಗಿಡದ ಮುಂದೆ ನಿಂತು ಹಣ್ಣು ಬಿಡಿಸುವವರ ಕಾಲು ಸಂಜೆಗೆ ಸ್ವಲ್ಪ ಊದುವುದಕ್ಕೆ ಇದು ಕಾರಣ. ರಾತ್ರಿ ಕಾಲು ಎತ್ತರಿಸಿ ಮಲಗಿದರೆ ಬೆಳಗ್ಗೆ ಇಳಿಯುತ್ತದೆ. ಅದಕ್ಕೆ ಮದ್ದೇ ಬೇಡ. ಆದರೆ ಹೃದಯದ ಬಲಭಾಗ ಸೋತು ರಕ್ತ ಹಿಂದಕ್ಕೆ ಒತ್ತಿದಾಗಲೂ ಕಾಲು ಹೀಗೇ ಊದುತ್ತದೆ. ಮೀನಖಂಡದ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದಾಗ ಒಂದೇ ಕಾಲು ಊದುತ್ತದೆ. ಆ ಹೆಪ್ಪು ಕಿತ್ತು ಶ್ವಾಸಕೋಶ ಸೇರಿದರೆ ನಿಂತ ನಿಲುವಿನಲ್ಲೇ ಜೀವ ಹೋಗಬಹುದು. ಹೆಪ್ಪುಗಟ್ಟಲು ಮೂರು ಕಾರಣಗಳೆಂದು ಎಲ್ಲ ವಿದ್ಯಾರ್ಥಿಗಳೂ ಕಲಿಯುತ್ತಾರೆ: ನಾಳದ ಒಳಪದರಕ್ಕೆ ಪೆಟ್ಟು, ಹರಿವು ನಿಧಾನವಾಗುವುದು, ರಕ್ತಕ್ಕೇ ಹೆಪ್ಪುಗಟ್ಟುವ ಗುಣ ಹೆಚ್ಚುವುದು. ಹೆರಿಗೆಯಾದ ಬಾಣಂತಿಯನ್ನು ವಾರಗಟ್ಟಲೆ ಏಳಗೊಡದೆ ಮಲಗಿಸಿದರೆ ಈ ಮೂರರಲ್ಲಿ ಎರಡು ಅವಳ ಹಾಸಿಗೆಯಲ್ಲೇ ಸೇರುತ್ತವೆ. ಅಂಥ ತಾಯಿಯ ಒಂದು ಕಾಲು ಊದಿದರೆ ಎಣ್ಣೆ ಹಚ್ಚಿ ನೀವುವವರನ್ನು ಕಂಡಿದ್ದೇನೆ. ನೀವಿದ ಕೈಯೇ ಹೆಪ್ಪನ್ನು ಸಡಿಲಿಸಬಹುದೆಂದು ಅವರಿಗೆ ಯಾರು ಹೇಳಬೇಕು?

ಸೋತ ಹೃದಯ ಒಳಗೆ ಏನು ಮಾಡುತ್ತದೆ ಎಂಬುದನ್ನು ಶವಪರೀಕ್ಷೆಯ ಮೇಜಿನ ಮೇಲೆ ನೋಡಿದವರು ಮರೆಯುವುದಿಲ್ಲ. ನಮ್ಮ ತೋಟಗಳಲ್ಲಿ ಕಾಫಿಯ ನಡುವೆ ಜಾಯಿಕಾಯಿ ಮರ ಬೆಳೆಸಿದವರು ಆ ಕಾಯಿಯನ್ನು ಅಡ್ಡ ಕೊಯ್ದು ನೋಡಿ: ಹಳದಿ ಮಿಶ್ರಿತ ಬಿಳುಪಿನಲ್ಲಿ ಕಡುಕಂದು ಗೆರೆಗಳ ಜಾಲ. ಹೃದಯ ಸೋತು ರಕ್ತ ತಿಂಗಳುಗಟ್ಟಲೆ ಹಿಂದಕ್ಕೆ ಒತ್ತಿದ ಪಿತ್ತಜನಕಾಂಗವನ್ನು ಕೊಯ್ದರೆ ಅದೇ ಚಿತ್ರ. ಪುಸ್ತಕಗಳಲ್ಲಿ ಅದಕ್ಕೆ ಜಾಯಿಕಾಯಿ ಲಿವರ್ ಎಂದೇ ಹೆಸರು. ಕಂದು ಚುಕ್ಕೆ ಎಂದರೆ ರಕ್ತ ತುಂಬಿ ಸತ್ತ ಜೀವಕೋಶಗಳು, ನಡುವಿನ ಹಳದಿ ಎಂದರೆ ಇನ್ನೂ ಬದುಕಿ ಕೊಬ್ಬು ತುಂಬಿಕೊಂಡವು. ಶ್ವಾಸಕೋಶದ ಗಾಳಿಚೀಲಗಳಲ್ಲಿ ಸೋರಿದ ಕೆಂಪು ರಕ್ತಕಣಗಳನ್ನು ನುಂಗಿದ ಕಣಗಳು ಕಬ್ಬಿಣದ ತುಕ್ಕಿನ ಬಣ್ಣಕ್ಕೆ ತಿರುಗಿರುತ್ತವೆ. ಹೊರಗಿನಿಂದ ಕಾಣುವುದು ಊದಿದ ಕಾಲು ಮಾತ್ರ. ಕಾಲಿಗೆ ಹಾಕಿದ ಸೂಜಿ ಈ ಲಿವರಿಗೂ ಈ ಶ್ವಾಸಕೋಶಕ್ಕೂ ಏನು ಮಾಡೀತು?

ಎರಡನೆಯ ದಾರಿ ಪ್ರೋಟೀನಿನದು. ಕುಡಿತದಿಂದ ಲಿವರ್ ಗಟ್ಟಿಯಾದವರಿಗೆ ಅಲ್ಬುಮಿನ್ ಸಾಕಷ್ಟು ತಯಾರಾಗುವುದಿಲ್ಲ. ಕಿಡ್ನಿಯ ಜರಡಿ ಕೆಟ್ಟವರಿಗೆ ಅದು ಮೂತ್ರದಲ್ಲಿ ಹರಿದುಹೋಗುತ್ತದೆ, ಬೆಳಗ್ಗೆ ಎದ್ದಾಗ ಕಣ್ಣಿನ ರೆಪ್ಪೆ ಊದಿರುತ್ತದೆ. ಬರಿಗಾಲಿನಲ್ಲಿ ಒದ್ದೆ ಮಣ್ಣಿನಲ್ಲಿ ದುಡಿಯುವವರ ಕರುಳಿನಲ್ಲಿ ಕೊಕ್ಕೆಹುಳು ಸೇರಿ ದಿನವೂ ರಕ್ತ ಹೀರುತ್ತಿದ್ದರೆ, ಊಟದಲ್ಲಿ ಬೇಳೆ ಮೊಟ್ಟೆಗಳೂ ಇಲ್ಲದಿದ್ದರೆ, ರಕ್ತಹೀನತೆಯ ಜೊತೆಗೆ ಊತವೂ ಬರುತ್ತದೆ. ನಾಲ್ಕನೆಯ ದಾರಿ ಚರಂಡಿಯದು. ಕರಾವಳಿಯವರು ತಲೆಮಾರುಗಳಿಂದ ಕಂಡ ಆನೆಕಾಲು, ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ಊದುವ ಕೈ ಈ ಗುಂಪಿನವು. ಇವುಗಳಲ್ಲಿ ಎಲ್ಲಿದೆ ಉರಿ?

ಇಷ್ಟೇ ಆಗಿದ್ದರೆ ದುಡ್ಡು ದಂಡ ಎಂದುಕೊಂಡು ಸುಮ್ಮನಿರಬಹುದಿತ್ತು. ಆದರೆ ಮದ್ದು ಸುಮ್ಮನಿರುವುದಿಲ್ಲ. ಡೈಕ್ಲೋಫೆನಾಕ್ ಜಾತಿಯ ನೋವಿನ ಮದ್ದುಗಳು ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕದ ತಯಾರಿಯನ್ನು ತಡೆಯುತ್ತವೆ. ಆಸ್ಪಿರಿನ್ ಕೆಲಸ ಮಾಡುವುದು ಹೀಗೆ ಎಂದು 1971ರಲ್ಲಿ ಜಾನ್ ವೇನ್ ತೋರಿಸಿದರು, 1982ರಲ್ಲಿ ಅವರಿಗೆ ನೊಬೆಲ್ ಬಂತು. ಗಾಯದ ಜಾಗದಲ್ಲಿ ನೋವು, ಕೆಂಪು ತರುವ ಆ ಪ್ರೋಸ್ಟಗ್ಲಾಂಡಿನ್‌ಗೆ ಕಿಡ್ನಿಯಲ್ಲಿ ಬೇರೆಯೇ ಕೆಲಸವಿದೆ. ಹೃದಯ ಸೋತು ರಕ್ತ ಸಾಲದೆ ಬಂದಾಗ ಕಿಡ್ನಿಗೆ ಹೋಗುವ ನಾಳವನ್ನು ಅದೇ ತೆರೆದಿಟ್ಟು ಕಾಯುತ್ತದೆ. ಅದನ್ನು ತಡೆದರೆ ಕಿಡ್ನಿಗೆ ರಕ್ತ ಇನ್ನೂ ಕಡಿಮೆಯಾಗುತ್ತದೆ, ಉಪ್ಪು ನೀರು ಮೈಯಲ್ಲೇ ನಿಲ್ಲುತ್ತವೆ, ರಕ್ತದೊತ್ತಡ ಏರುತ್ತದೆ. ಊತಕ್ಕೆಂದು ಕೊಟ್ಟ ಮದ್ದೇ ಊತವನ್ನು ಬೆಳೆಸುತ್ತದೆ.

ಈ ಮದ್ದು ಕಿಡ್ನಿಗೆ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ಆಕಾಶವೇ ಸಾಕ್ಷಿ. ಊತ, ನೋವು ಇಳಿಯಲೆಂದು ಹಸು ಎಮ್ಮೆಗಳಿಗೆ ಡೈಕ್ಲೋಫೆನಾಕ್ ಚುಚ್ಚಿದರು. ಸತ್ತ ದನವನ್ನು ತಿಂದ ರಣಹದ್ದುಗಳ ಕಿಡ್ನಿ ಕೆಟ್ಟು, ಒಳಾಂಗಗಳ ಮೇಲೆ ಬಿಳಿಯ ಯೂರಿಕ್ ಆಮ್ಲ ಸುಣ್ಣದಂತೆ ಮೆತ್ತಿಕೊಂಡು ಸತ್ತವು. 2004ರಲ್ಲಿ ಕಾರಣ ಖಚಿತವಾಯಿತು. 2006ರಲ್ಲಿ ಭಾರತ ಸರ್ಕಾರ ಪಶುಗಳ ಡೈಕ್ಲೋಫೆನಾಕ್ ತಯಾರಿಕೆ ನಿಲ್ಲಿಸಲು ಆದೇಶಿಸಿತು. ಅಷ್ಟರಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ರಣಹದ್ದುಗಳು ಹೋಗಿಯಾಗಿತ್ತು. ಉಳಿದವಕ್ಕಾಗಿ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಬೇಕಾಯಿತು. ಮನುಷ್ಯರ ಕಿಡ್ನಿ ಹದ್ದಿನ ಕಿಡ್ನಿಯಷ್ಟು ಸೂಕ್ಷ್ಮವಲ್ಲ. ಆರೋಗ್ಯವಂತರು ಒಂದೆರಡು ದಿನ ತೆಗೆದುಕೊಂಡರೆ ತಡೆದುಕೊಳ್ಳುತ್ತಾರೆ. ಆದರೆ ಕಾಲು ಊದಿ ಬಂದವರಲ್ಲಿ ಕಿಡ್ನಿ, ಹೃದಯ ಮೊದಲೇ ಸೋತವರೇ ಹಲವರು. ಯಾರಿಗೆ ಈ ಮದ್ದು ಕೊಡಲೇಬಾರದೋ ಅವರನ್ನೇ ಹುಡುಕಿ ಹುಡುಕಿ ಕೊಟ್ಟ ಹಾಗಾಗುತ್ತಿದೆ.

ಇನ್ನೊಂದು ಸೂಜಿ ಸ್ಟೀರಾಯ್ಡಿನದು. ಇದು ಬಿಳಿ ರಕ್ತಕಣಗಳು ನಾಳದಿಂದ ಹೊರಬಂದು ಕೆಲಸ ಮಾಡದಂತೆ ತಡೆಯುತ್ತದೆ. ನೋವು ಇಳಿಯುತ್ತದೆ, ಹಸಿವಾಗುತ್ತದೆ, ಹುರುಪು ಬರುತ್ತದೆ. ತಿಂಗಳುಗಟ್ಟಲೆ ತೆಗೆದುಕೊಂಡರೆ ಮುಖ ದುಂಡಗೆ ತುಂಬಿಕೊಳ್ಳುತ್ತದೆ, "ಮೈ ಹತ್ತಿದೆ, ಮದ್ದು ಹಿಡಿಸಿದೆ" ಎಂದು ಮನೆಯವರು ಸಂತೋಷಪಡುತ್ತಾರೆ. ಒಳಗೆ ಸಕ್ಕರೆ ಏರುತ್ತಿರುತ್ತದೆ, ಮೂಳೆ ಟೊಳ್ಳಾಗುತ್ತಿರುತ್ತದೆ, ಎಂದೋ ಅಡಗಿ ಮಲಗಿದ್ದ ಕ್ಷಯ ಏಳುತ್ತಿರುತ್ತದೆ. ವೈದ್ಯರ ಚೀಟಿ ಇಲ್ಲದೆ ಮಾರಕೂಡದೆಂದು ಕಾನೂನು ಹೇಳುವ ಮದ್ದು ಪೊಟ್ಟಣದಲ್ಲಿ ಕಟ್ಟಿ ಬರುತ್ತದೆ, ಹೆಸರಿಲ್ಲದೆ.

ಹಾಗಾದರೆ ನಿಜವಾಗಿ ಉರಿ ಇರುವ ಊತಕ್ಕಾದರೂ ಈ ಅವಸರ ಸರಿಯೇ? ಅಲ್ಲಿಯೂ ನನ್ನ ಉತ್ತರ, ಕಾರಣ ಕೇಳದೆ ಇಳಿಸಬೇಡಿ ಎಂದೇ. ಉರಿಯೂತ ರೋಗವಲ್ಲ, ದೇಹ ಮಾಡುವ ಕೆಲಸ ಎಂದು ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ 1794ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ವಾದಿಸಿದ್ದ. 1867ರಲ್ಲಿ ಜರ್ಮನಿಯ ಕೋನ್‌ಹೈಮ್ ಕಪ್ಪೆಯ ತೆಳುಪೊರೆಯನ್ನು ಸೂಕ್ಷ್ಮದರ್ಶಕದಡಿ ಹರಡಿಟ್ಟು ಆ ಕೆಲಸ ನಡೆಯುವುದನ್ನು ಕಣ್ಣಾರೆ ಕಂಡ. ನಾಳಗಳು ಹಿಗ್ಗುತ್ತವೆ, ಹರಿವು ನಿಧಾನವಾಗುತ್ತದೆ. ಬಿಳಿ ಕಣಗಳು ನಡುನೀರು ಬಿಟ್ಟು ದಡ ಹಿಡಿದಂತೆ ಗೋಡೆಗೆ ಬಂದು ಅಂಟುತ್ತವೆ, ಮೈ ಕಿರಿದು ಮಾಡಿಕೊಂಡು ಸಂದಿನಲ್ಲಿ ತೂರಿ ಹೊರಬರುತ್ತವೆ. ಕಳೆ ಕಡಿಯುವಾಗ ಕತ್ತಿ ತಾಗಿದ ಕಾಲಿನಲ್ಲಿ ಮಾರನೆಯ ದಿನ ಕಾಣುವ ಕೆಂಪು ಮತ್ತು ಬಿಸಿ, ನೆರವು ಬಂದು ತಲುಪಿದೆ ಎಂಬುದರ ಗುರುತು. ಕೀವು ಎಂದರೆ ಆ ಹೋರಾಟದಲ್ಲಿ ಸತ್ತ ಬಿಳಿ ಕಣಗಳ ರಾಶಿ. ಕೀವು ಕಟ್ಟಿದರೆ ಕೊಯ್ದು ಹೊರಬಿಡಬೇಕು. ಕೆಂಪು ಗೆರೆ ಮೇಲೇರುತ್ತಿದ್ದರೆ, ಜ್ವರ ಬಂದರೆ, ರೋಗಾಣುವನ್ನು ಕೊಲ್ಲುವ ಮದ್ದನ್ನು ಸರಿಯಾದ ಪ್ರಮಾಣದಲ್ಲಿ ಸರಿಯಾದಷ್ಟು ದಿನ ಕೊಡಬೇಕು. ರೋಗಾಣುವನ್ನು ಹಾಗೇ ಬಿಟ್ಟು ಸ್ಟೀರಾಯ್ಡಿನಿಂದ ಕೆಂಪನ್ನು ಮಾತ್ರ ಅಳಿಸಿದರೆ, ಮನೆಗೆ ಕಳ್ಳ ನುಗ್ಗಿರುವಾಗ ಬೊಗಳುವ ನಾಯಿಯ ಬಾಯಿ ಕಟ್ಟಿದಂತೆ.

ಹಾವು ಕಚ್ಚಿದಾಗ ಈ ತಪ್ಪಿನ ಬೆಲೆ ಗಂಟೆಗಳಲ್ಲೇ ತಿಳಿಯುತ್ತದೆ. ಕೊಳಕುಮಂಡಲದ ವಿಷ ನಾಳದ ಗೋಡೆಯನ್ನು ಸೋರುವಂತೆ ಮಾಡುತ್ತದೆ, ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೆಲ್ಲ ಖರ್ಚು ಮಾಡಿ ಮುಗಿಸುತ್ತದೆ. ಕಾಲು ತೊಡೆಯವರೆಗೆ ಊದುತ್ತದೆ. ಆಗ ಊತ ಇಳಿಯಲೆಂದು ಮಾಂಸಕ್ಕೆ ನೋವಿನ ಸೂಜಿ ಚುಚ್ಚಿದರೆ ಚುಚ್ಚಿದಲ್ಲೇ ರಕ್ತ ಒಸರಿ ನಿಲ್ಲುವುದಿಲ್ಲ. ಮೊದಲೇ ಕುತ್ತಿನಲ್ಲಿರುವ ಕಿಡ್ನಿಗೂ ಅದು ಇನ್ನೊಂದು ಪೆಟ್ಟು. ವಿಷ ಏರದಿರಲಿ ಎಂದು ಹಗ್ಗ ಬಿಗಿದರೆ ರಕ್ತವೇ ಹೋಗದೆ ಕಾಲು ಕೊಳೆಯುತ್ತದೆ. ಬೇಕಾದದ್ದು ಕಾಲು ಅಲುಗಾಡಿಸದೆ ಬೇಗ ಆಸ್ಪತ್ರೆ ಸೇರುವುದು ಮತ್ತು ವಿಷನಿರೋಧಕ ಮದ್ದು. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತರೆಂದು ಅಂದಾಜಾಗಿದೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಒಳ್ಳೆಯ ಹೆಜ್ಜೆ. ಆದರೆ ಊತವನ್ನೇ ವೈರಿ ಎಂದು ತಿಳಿದ ಊರಿನಲ್ಲಿ ಕಾನೂನು ಅರ್ಧ ದಾರಿಯಲ್ಲೇ ನಿಲ್ಲುತ್ತದೆ.

ಇದೇ ನಂಬಿಕೆಗೆ ಮನೆಯೊಳಗೆ ಇನ್ನೊಂದು ಹೆಸರಿದೆ: ನಂಜು. ಗಾಯವಾದವರಿಗೆ, ಆಪರೇಶನ್ ಆದವರಿಗೆ ಮೊಟ್ಟೆ ನಂಜು, ಮೀನು ನಂಜು, ಬದನೆ ನಂಜು, ಹುಳಿ ನಂಜು. ಉಳಿದದ್ದು ಗಂಜಿ, ಉಪ್ಪು. ಮಾಂಸ ಮೀನು ನಿತ್ಯದ ಊಟವಾದ ಮನೆಗಳಲ್ಲೂ ಗಾಯ ಆದ ದಿನವೇ ಅವು ನಿಂತುಹೋಗುತ್ತವೆ. ಇದನ್ನು ಪ್ರೀತಿಯಿಂದಲೇ ಮಾಡುತ್ತಾರೆ ಎಂದು ಬಲ್ಲೆ. ಆದರೆ ಗಾಯ ಮಾಯುವುದು ಹೊಸ ಮಾಂಸ ಕಟ್ಟಿಕೊಂಡು. ಅದಕ್ಕೆ ಪ್ರೋಟೀನು ಬೇಕು. ಎಳೆಗಳನ್ನು ಬಿಗಿಯಲು ಹುಳಿಹಣ್ಣುಗಳ ವಿಟಮಿನ್ ಸಿ ಬೇಕು. ಒಂದು ತಿಂಗಳು ಗಂಜಿಯಲ್ಲಿ ಕಳೆದವರ ಗಾಯ ಬಾಯಿ ತೆರೆದೇ ಇರುತ್ತದೆ. ಆಗ, "ನೋಡಿ, ಎಲ್ಲೋ ನಂಜು ತಿಂದಿದ್ದಾರೆ" ಎಂದು ಇದ್ದ ಬೇಳೆಯನ್ನೂ ನಿಲ್ಲಿಸುತ್ತಾರೆ. ಒಂದು ಪದಾರ್ಥ ಮೈಗೆ ಒಗ್ಗದೆ ತುರಿಕೆ ಬರುವವರು ಅದನ್ನು ಬಿಡಲಿ. ಎಲ್ಲರ ತಟ್ಟೆಯಿಂದ ಎಲ್ಲವನ್ನೂ ತೆಗೆಯುವುದು ಪಥ್ಯವಲ್ಲ, ಉಪವಾಸ.

ಈಗ ನನ್ನ ಎದುರಿನವರ ಮಾತನ್ನು ಕೇಳಬೇಕು. ಅವರ ಮಾತಿನಲ್ಲೂ ತೂಕವಿದೆ.

"ಉರಿಯೂತವೇ ದೇಹವನ್ನು ಹಾಳುಮಾಡುವುದಿಲ್ಲವೇ? ಅದನ್ನು ತಗ್ಗಿಸಿದರೆ ಏನು ತಪ್ಪು?" ಎನ್ನುತ್ತಾರೆ. ಹಾಳುಮಾಡುವುದುಂಟು. ಕೀಲುವಾತದಲ್ಲಿ ದೇಹದ ಕಾವಲುಪಡೆ ತನ್ನ ಕೀಲುಗಳನ್ನೇ ಕಡಿಯುತ್ತದೆ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಾಗ ಹಾಸಿಗೆ ಹಿಡಿದಿದ್ದ ರೋಗಿ ಎದ್ದು ನಡೆದರು. 1950ರಲ್ಲಿ ನೊಬೆಲ್ ಬಂತು. ಅಡ್ಡಪರಿಣಾಮಗಳೂ ಹಿಂದೆಯೇ ಬಂದವು. ಕೋವಿಡ್ ಕಾಲದ ಪಾಠ ಇನ್ನೂ ಸ್ಪಷ್ಟ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನ ಹೇಳಿದ್ದು ಇದು: ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ವೆಂಟಿಲೇಟರಿನಲ್ಲಿದ್ದವರ ಸಾವನ್ನು ಮೂರನೇ ಒಂದರಷ್ಟು ತಗ್ಗಿಸಿತು, ಆಮ್ಲಜನಕ ಬೇಕಾದವರ ಸಾವನ್ನು ಐದನೇ ಒಂದರಷ್ಟು. ಆಮ್ಲಜನಕ ಬೇಡದವರಿಗೆ ಯಾವ ಲಾಭವೂ ಆಗಲಿಲ್ಲ. ನಾವು ಮೊದಲ ಅರ್ಧ ಕೇಳಿಸಿಕೊಂಡೆವು, ಎರಡನೆಯ ಅರ್ಧ ಬಿಟ್ಟೆವು. 2021ರ ಎರಡನೇ ಅಲೆಯಲ್ಲಿ ಜ್ವರದ ಮೊದಲ ದಿನವೇ ಸ್ಟೀರಾಯ್ಡ್ ನುಂಗಿದವರೆಷ್ಟೋ! ಸಕ್ಕರೆ ಏರಿದ ಮೈಯಲ್ಲಿ ಕಪ್ಪು ಶಿಲೀಂಧ್ರ ಹಬ್ಬಿ ಜನ ಕಣ್ಣು, ದವಡೆ ಕಳೆದುಕೊಂಡರು. ಅದೇ ಮದ್ದು ಒಬ್ಬರನ್ನು ಉಳಿಸಿತು, ಇನ್ನೊಬ್ಬರನ್ನು ಕೊಂದಿತು. ನಡುವಿನ ವ್ಯತ್ಯಾಸ ಒಂದೇ, ಏಕೆ ಮತ್ತು ಯಾವಾಗ ಎಂಬ ಪ್ರಶ್ನೆ. ಮೊಬೈಲಿನಲ್ಲಿ ಬರುವ "ಎಲ್ಲ ರೋಗಕ್ಕೂ ಇನ್‌ಫ್ಲಮೇಶನ್ನೇ ಮೂಲ, ಈ ಕಷಾಯ ಕುಡಿದು ಓಡಿಸಿ" ಎಂಬ ಸಂದೇಶಕ್ಕೂ ನನ್ನ ಉತ್ತರ ಇದೇ. ಉರಿಯೂತವನ್ನು ಪೂರ್ತಿ ಓಡಿಸಿದ ದೇಹ ಒಂದು ಮುಳ್ಳಿನ ಗಾಯವನ್ನೂ ತಾಳಲಾರದು.

ಎರಡನೆಯ ಮಾತು ಇನ್ನೂ ಗಟ್ಟಿ. "ದಿನಗೂಲಿಯವರು ಕುಯ್ಲು ಬಿಟ್ಟು ಪರೀಕ್ಷೆಗಳಿಗೆಂದು ಮೈಸೂರಿಗೆ ಹೋಗುವುದೆಲ್ಲಿ? ಒಂದು ಸೂಜಿ ನಾಳೆಯ ಕೂಲಿ ಉಳಿಸುತ್ತದೆ." ಈ ಮಾತಿನ ಹಿಂದಿನ ಕಷ್ಟವನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಕಾರಣ ಹುಡುಕುವುದು ದುಬಾರಿ ಎಂಬುದು ಸುಳ್ಳು. ಹೆಬ್ಬೆರಳಿಗೆ ದುಡ್ಡಿಲ್ಲ. ಒಂದು ಕಾಲೋ ಎರಡೋ, ಬಿಸಿಯೋ ತಣ್ಣಗೋ, ಬೆಳಗ್ಗೆಯೋ ಸಂಜೆಯೋ, ಮಲಗಿದರೆ ಉಸಿರು ಕಟ್ಟುತ್ತದೆಯೋ ಎಂದು ಕೇಳುವುದಕ್ಕೆ ದುಡ್ಡಿಲ್ಲ. ಗಾಜಿನ ಕೊಳವೆಯಲ್ಲಿ ಮೂತ್ರದ ಮೇಲ್ಭಾಗವನ್ನು ದೀಪದ ಮೇಲೆ ಕಾಯಿಸಿ, ಒಂದೆರಡು ಹನಿ ಅಸಿಟಿಕ್ ಆಮ್ಲ ಹಾಕಿದ ಮೇಲೂ ಬೆಂದ ಮೊಟ್ಟೆಯ ಬಿಳಿಯಂತೆ ಮೋಡಗಟ್ಟಿಯೇ ಉಳಿದರೆ ಅಲ್ಬುಮಿನ್ ಹೋಗುತ್ತಿದೆ ಎಂದರ್ಥ. ಹಾವು ಕಚ್ಚಿದವರ ಎರಡು ಮಿಲಿಲೀಟರ್ ರಕ್ತವನ್ನು ಒಣಗಿದ ಸ್ವಚ್ಛ ಗಾಜಿನ ಕೊಳವೆಯಲ್ಲಿಟ್ಟು, ಅಲುಗಾಡಿಸದೆ 20 ನಿಮಿಷ ಬಿಟ್ಟು ಬಗ್ಗಿಸಿದಾಗ ಅದು ನೀರಾಗಿಯೇ ಹರಿದರೆ ವಿಷ ರಕ್ತಕ್ಕೆ ಇಳಿದಿದೆ ಎಂದರ್ಥ. ಕರೆಂಟು ಹೋದ ಮಳೆಗಾಲದ ರಾತ್ರಿಯಲ್ಲೂ ಈ ಪರೀಕ್ಷೆಗಳು ನಡೆಯುತ್ತವೆ. ಅಮ್ಮತ್ತಿಯಲ್ಲೇ ಆಸ್ಪತ್ರೆ ಇದೆ, ವಿರಾಜಪೇಟೆಯಲ್ಲಿ ತಾಲ್ಲೂಕು ಆಸ್ಪತ್ರೆ ಇದೆ, ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ದುಬಾರಿಯಾಗುವುದು ಪರೀಕ್ಷೆಯಲ್ಲ, ತಡ. ವಾರಕ್ಕೊಂದರಂತೆ ಎರಡು ವರ್ಷ ಹಾಕಿಸಿಕೊಂಡ ಸೂಜಿಯ ದುಡ್ಡು ಕೂಡಿ ನೋಡಿ, ಕೊನೆಗೆ ಬರುವ ಡಯಾಲಿಸಿಸ್ ನೋಡಿ, ಆಮೇಲೆ ಉಳಿತಾಯದ ಮಾತಾಡಿ.

ಮೂರನೆಯದು ಬಸುರಿಯರ ಮಾತು. "ಬಸುರಿಗೆ ಕಾಲೂತ ಸಹಜ" ಎನ್ನುತ್ತಾರೆ ಹಿರಿಯರು. ಸಂಜೆ ಪಾದ ಸ್ವಲ್ಪ ಊದುವುದು ಸಹಜವೇ. ಆದರೆ ಮುಖ ಊದಿ, ಬೆರಳಿನ ಉಂಗುರ ಬಿಗಿಯಾಗಿ, ತಲೆ ಸಿಡಿದು, ಕಣ್ಣು ಮಂಜಾದರೆ ಅದು ಸಹಜವಲ್ಲ. ರಕ್ತದೊತ್ತಡ ಏರಿ, ಮೂತ್ರದಲ್ಲಿ ಪ್ರೋಟೀನು ಹೋಗಿ, ಅಪಸ್ಮಾರದಂತೆ ಸೆಳವು ಬಂದು ತಾಯಿ ಮಗು ಇಬ್ಬರೂ ಹೋಗುವ ಸ್ಥಿತಿ ಅದು. ಎಲ್ಲ ಊತವೂ ವೈರಿ ಎನ್ನುವುದೂ ಎಲ್ಲ ಊತವೂ ಸಹಜ ಎನ್ನುವುದೂ ಒಂದೇ ತಪ್ಪಿನ ಎರಡು ಮುಖ. ಎರಡರಲ್ಲೂ ಯಾರೂ ಕಾರಣ ಕೇಳಲಿಲ್ಲ.

ಅಂಗಡಿ ಜಗಲಿಯ ಆ ಹೆಂಗಸಿಗೆ ಮರಳುತ್ತೇನೆ. ಆಸ್ಪತ್ರೆಯಲ್ಲಿ ಅವರ ಎದೆಗೆ ಸ್ಟೆಥಾಸ್ಕೋಪ್ ಇಟ್ಟ ವೈದ್ಯರಿಗೆ ಎರಡು ಬಡಿತಗಳ ನಡುವೆ ದೂರದ ಗುಡುಗಿನಂಥ ಸದ್ದು ಕೇಳಿಸಿತು. ಹೃದಯದ ಎಡಭಾಗದ ಕವಾಟ ಕಿರಿದಾಗಿ, ದಪ್ಪಗಾಗಿ, ರಕ್ತ ಮುಂದೆ ಹೋಗಲಾರದೆ ಶ್ವಾಸಕೋಶಕ್ಕೂ, ಅಲ್ಲಿಂದ ಲಿವರಿಗೂ ಕಾಲಿಗೂ ಹಿಂದೊತ್ತುತ್ತಿತ್ತು. ಈ ಕವಾಟದ ಕಾಯಿಲೆ ಇವತ್ತಿನದಲ್ಲ. ಚಿಕ್ಕಂದಿನಲ್ಲಿ ಕೀಲು ಊದಿತ್ತೇ ಎಂದು ಕೇಳಿದಾಗ ಅವರಿಗೆ ನೆನಪಾಯಿತು. ಹತ್ತು ಹನ್ನೊಂದರ ವಯಸ್ಸು. ಗಂಟಲು ನೋವು ಬಂದು ಹೋಗಿ ಎರಡು ಮೂರು ವಾರಕ್ಕೆ ಮಂಡಿ ಊದಿತು, ಬೆಂಕಿಯಂತೆ ಸುಡುತ್ತಿತ್ತು. ಅದು ಇಳಿಯುತ್ತಲೇ ಇನ್ನೊಂದು ಕಾಲಿನ ಗಂಟು ಊದಿತು. ಯಾರೋ ಮಾತ್ರೆ ಕೊಟ್ಟರು. ಊತ ಇಳಿಯಿತು. ವಾಸಿಯಾಯಿತೆಂದು ಮನೆಯವರು ದೇವರಿಗೆ ಕಾಯಿ ಒಡೆದರು.

ಅದು ಸಂಧಿವಾತ ಜ್ವರ. ಗಂಟಲಿನ ಸ್ಟ್ರೆಪ್ಟೋಕಾಕಸ್ ರೋಗಾಣುವಿನ ಮೇಲೆ ದೇಹ ಹೂಡಿದ ಹೋರಾಟ ದಾರಿ ತಪ್ಪಿ ಕೀಲಿನ ಮೇಲೂ ಹೃದಯದ ಮೇಲೂ ಎರಗುವ ಕಾಯಿಲೆ. ಐದರಿಂದ ಹದಿನೈದರ ವಯಸ್ಸಿನ ಮಕ್ಕಳಿಗೆ ಹೆಚ್ಚು. ಕೀಲು ಗುರುತೇ ಇಲ್ಲದಂತೆ ವಾಸಿಯಾಗುತ್ತದೆ. ಹೃದಯದ ಕವಾಟದ ಮೇಲೆ ಮಾತ್ರ ಕಲೆ ಉಳಿಯುತ್ತದೆ, ಮತ್ತೆ ಮತ್ತೆ ಗಂಟಲು ಕೆಟ್ಟಾಗಲೆಲ್ಲ ಗಟ್ಟಿಯಾಗುತ್ತ ಹೋಗುತ್ತದೆ. ಆಗ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ಶುರುಮಾಡಿ ವರ್ಷಗಟ್ಟಲೆ ತಪ್ಪದೆ ಹಾಕಿಸಿದ್ದರೆ ಈ ಕವಾಟ ಹೀಗಾಗುವುದನ್ನು ಬಹುಮಟ್ಟಿಗೆ ತಪ್ಪಿಸಬಹುದಿತ್ತು. ಆ ಹುಡುಗಿಯ ಉರಿಯೂತವನ್ನು ಇಳಿಸಿದರು, ಕಾರಣವನ್ನು ಬಿಟ್ಟರು. ಕಾಲು ಶತಮಾನದ ನಂತರ ಅದೇ ಕಾರಣ ಉರಿ ಇಲ್ಲದ ಊತವಾಗಿ ಅದೇ ಕಾಲಿಗೆ ಬಂತು. ಆಗಲೂ ಊತವನ್ನೇ ಇಳಿಸಿದರು.

ಮೈಸೂರಿನಲ್ಲಿ ತೊಡೆಯ ನಾಳದ ಮೂಲಕ ಬಲೂನು ಕಳಿಸಿ ಕವಾಟ ಹಿಗ್ಗಿಸಿದರು. ಈಗ ಒಂದೇ ದಿಂಬಿನ ಮೇಲೆ ಮಲಗುತ್ತಾರೆ. ಕಾಲಿನ ಮೇಲೆ ಬೆರಳೊತ್ತಿದರೆ ಗುಳಿ ಉಳಿಯುವುದಿಲ್ಲ. ಕಾಲಿಗೆಂದು ಅಲ್ಲಿ ಯಾರೂ ಯಾವ ಮದ್ದನ್ನೂ ಹಚ್ಚಲಿಲ್ಲ. ಮೊನ್ನೆ ಸಿಕ್ಕಾಗ ಜೊತೆಯಲ್ಲಿ ಮಗಳಿದ್ದಳು, ನಾಲ್ಕನೇ ತರಗತಿ. "ಇವಳಿಗೆ ಗಂಟಲು ನೋವು ಸಾರ್, ಮೂರು ದಿನ ಆಯ್ತು. ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೇನೆ" ಎಂದರು. ಪೊಟ್ಟಣ ಕಟ್ಟಿಸಿಕೊಳ್ಳಲು ಅಂಗಡಿಗೆ ಹೋಗಲಿಲ್ಲ. ಆ ತಾಯಿ ಕಲಿತದ್ದನ್ನು ನಮ್ಮ ಅಂಗಡಿಗಳೂ ತೋಟಗಳೂ ದವಾಖಾನೆಗಳೂ ಕಲಿಯಬೇಕು. ಊದಿದ ಕಾಲು ಮುಂದೆ ಬಂದರೆ ಸೂಜಿ ಎತ್ತುವ ಮುಂಚೆ ಹೆಬ್ಬೆರಳು ಇಡಿ, ಬಾಯಿ ತೆರೆದು ಏಕೆ ಎಂದು ಕೇಳಿ.